ಬೀಗರಿಗಿಂತ ಮೊದಲು ಉಂಡಿದ್ದು

ನನಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಅದರ ಜೊತೆ ಸಂಸಾರ ಮಾಡುವುದನ್ನು ಚೆನ್ನಾಗಿಯೇ ಕಲಿತಿದ್ದೇನೆ. ಸಕ್ಕರೆ ಏರಿದರೆ ಊರಿಗೂರೇ ಬುದ್ಧಿ ಹೇಳುತ್ತದೆ. ಇಳಿದರೆ ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಮಗನ ಮದುವೆಯಾಗಿ ಬೀಗರ ಊಟ ಇಟ್ಟುಕೊಂಡಿದ್ದೆವು. ಪಾಂಡವಪುರದ ಹತ್ತಿರವಿರುವ ನಮ್ಮೂರಿಗೆ ಬೀಗರು ದೇವಲಾಪುರದ ಕಡೆಯಿಂದ ಬಸ್ಸು ಮಾಡಿಕೊಂಡು ಬರಬೇಕಿತ್ತು. "ಇನ್ನೇನು ಬಂದ್ಬುಟ್ಟೊ" ಎಂದು ಫೋನು ಬಂತು. ಅದನ್ನು ನಂಬಿ, ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚಿಕೊಂಡೆ. ಬಸ್ಸು ದಾರಿಯಲ್ಲಿ ಪಂಚರ್ ಆಗಿ ನಿಂತಿತು. ಬೀಗರು ಉಂಡು ಕೈತೊಳೆಯುವವರೆಗೆ ಮನೆಯ ಹೆಂಗಸರು ಎಲೆ ಮುಂದೆ ಕೂರುವಂತಿಲ್ಲ. ಅದು ನಮ್ಮತ್ತೆಯ ಕಟ್ಟಳೆ, ಅವರ ಅತ್ತೆಯದೂ ಅದೇ.

ಕಾಯುತ್ತಾ ಕಾಯುತ್ತಾ ಅಡುಗೆಯವನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಸಕ್ಕರೆ ಇಳಿದರೆ ನನಗೆ ಮೊದಲು ಬರುವುದು ಕೋಪ, ಆಮೇಲೆ ಬೆವರು. ಕೈ ನಡುಗಿತು, ತುಟಿ ಜುಮ್ಮೆಂದಿತು. ತಡಮಾಡಿದರೆ ಪ್ರಜ್ಞೆ ತಪ್ಪಿ ಬೀಳುತ್ತೇನೆಂದು ಗೊತ್ತಾಯಿತು. ನೆಟ್ಟಗೆ ಅಡುಗೆಮನೆಗೆ ಹೋಗಿ ನೀರಿನ ಲೋಟಕ್ಕೆ ಮೂರು ಚಮಚ ಸಕ್ಕರೆ ಸುರಿದೆ. ದೊಡ್ಡ ಓರಗಿತ್ತಿ ಬಂದು ಲೋಟ ಹಿಡಿದುಕೊಂಡಳು.

"ಸುಗರ್ ಮಡಿಕ್ಕಂಡು ಸಕ್ರೆ ನೀರು ಕುಡೀತೀಯಲ್ಲೇ, ಸಾಯ್ಬೇಕು ಅಂತಿದ್ದೀಯಾ?"

"ಕುಡೀದೇ ಇದ್ರೆ ಸಾಯೋದು. ಬುಡಕ್ಕ."

ಎಳೆದಾಟದಲ್ಲಿ ಅರ್ಧ ನನ್ನ ರೇಷ್ಮೆ ಸೀರೆಯ ಪಾಲಾಯಿತು. ಉಳಿದದ್ದನ್ನು ಕುಡಿದು, ಇನ್ನಷ್ಟು ಕಲಸಿಕೊಂಡು ಅದನ್ನೂ ಕುಡಿದೆ. ಅವಳು ಹಾಕುತ್ತಿದ್ದ ಶಾಪ ನನ್ನ ಕಿವಿಗೆ ಬೀಳಲಿಲ್ಲ.

ಕಾಲು ಗಂಟೆಯಲ್ಲಿ ನಡುಕ ನಿಂತಿತು. ಆದರೆ ಸಕ್ಕರೆ ನೀರಿನ ಬಲ ಹೆಚ್ಚು ಹೊತ್ತು ಇರುವುದಿಲ್ಲ, ಮೇಲೆ ಊಟ ಬೀಳಲೇಬೇಕು. ಅಷ್ಟರಲ್ಲಿ ಬೀಗರ ಬಸ್ಸು ಬಂತು. ಅವರು ಕೈಕಾಲು ತೊಳೆಯುತ್ತಿರುವಾಗಲೇ ನಾನು ಶಾಮಿಯಾನದೊಳಗೆ ಮೊದಲ ಎಲೆಗೆ ಕೂತು "ಬಡ್ಸಪ್ಪ" ಎಂದೆ. ಮುದ್ದೆ ಬಂತು, ಮಟನ್ ಸಾರು ಬಂತು. ಬೀಗಿತ್ತಿ ತೊಳೆದ ಕೈ ಒರೆಸುವುದನ್ನೂ ಮರೆತು ನೋಡುತ್ತಾ ನಿಂತರು. ಮಾನ ಹೋಯಿತೆಂದು ಓರಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೇನೂ ನಾಚಿಕೆಯಾಗಲಿಲ್ಲ. ಜೀವ ಇದ್ದರೆ ತಾನೇ ಮಾನ ಎಂದುಕೊಂಡು ಮುದ್ದೆ ಮುರಿದೆ.

ಅತ್ತೆ ಕೋಲೂರಿಕೊಂಡು ಬಂದರು. ಬೈಗುಳಕ್ಕೆ ತಯಾರಾದೆ. ಅವರು ಪಕ್ಕದಲ್ಲಿ ಕೂತು, ಇನ್ನೂ ತಣ್ಣಗಿದ್ದ ನನ್ನ ಎಡಗೈ ಹಿಡಿದುಕೊಂಡರು.

"ಒಳ್ಗೆ ನೀನಂದಿದ್ದು ಕೇಳ್ಸ್ತು ಕಣವ್ವ. ಎಲ್ರಿಗೂ ಬಡ್ಸಕ್ ಓಗಿ ನೀನೇ ಓಗ್ಬುಟ್ಟಿದ್ರೆ, ಈ ಊಟ ಯಾರ್ಗ್ ಬೇಕಿತ್ತವ್ವ?"

ಕಣ್ಣೊರೆಸಿಕೊಂಡರು. ಆಮೇಲೆ ಬೀಗರಿಗೆಲ್ಲ ಕೇಳುವಂತೆ ಬಡಿಸುವವನನ್ನು ಕರೆದರು: "ಬಾರ್ಲಾ ಇಲ್ಲಿ, ನಮ್ ಸೊಸೆಗೆ ಇನ್ನೊಂದ್ ಮುದ್ದೆ ಇಕ್ಕು."