ಬೆಂಕಿಪೊಟ್ಟಣದಲ್ಲಿಟ್ಟ ಸ್ವರ

ಹೋದ ಆಷಾಢದಲ್ಲಿ ನನ್ನ ಮಗಳು ಅಟ್ಟದ ಮೇಲಿನ ಸಾಮಾನು ಇಳಿಸಿ ಒರೆಸುತ್ತಿದ್ದಳು. ನನ್ನ ಹಳೆಯ ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ ನಡುಮನೆಯವರೆಗೂ ಬಂತು. ಬೇರೆಯವರಿಗೆ ಆ ವಾಸನೆ ಎಂದರೆ ರೇಷ್ಮೆ ಸೀರೆ, ಮದುವೆಯ ಕೋಟು. ನನಗೆ ಅದು ನಾಟಕದ ಪರದೆ, ಮಿಣಮಿಣ ಅನ್ನುವ ರಾಜನ ಅಂಗಿ... ಮತ್ತು ಒಬ್ಬ ಹುಡುಗಿ.

ಟ್ರಂಕಿನ ತಳದಲ್ಲಿ ದಾರ ಸುತ್ತಿದ ಬೆಂಕಿಪೊಟ್ಟಣ ಇತ್ತು. ಮಗಳು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಏನಪ್ಪಾ ಇದು, ಅಮ್ಮನ ಓಲೆನಾ?"

"ಓಲೆ ಅಲ್ಲ. ಎಸಿಬ್ಯಾಡ, ಇಲ್ ಕೊಡು."

ದಾರ ಬಿಚ್ಚಿದೆ. ಅರ್ಧ ಬೆರಳುದ್ದದ ಹಿತ್ತಾಳೆ ಪಟ್ಟಿ. ಹಾರ್ಮೋನಿಯಂ ಒಳಗೆ ಗಾಳಿ ನುಗ್ಗಿದಾಗ ನಡುಗಿ ದನಿ ಕೊಡುವ ನಾಲಿಗೆ ಅದು. ನಾವು ರೀಡು ಅನ್ನುತ್ತೇವೆ. ಹದಿನೆಂಟು ವರ್ಷ ಅದನ್ನು ಎಸೆಯಲೂ ಇಲ್ಲ, ಯಾರಿಗೂ ತೋರಿಸಲೂ ಇಲ್ಲ. ಕದ್ದ ಮಾಲನ್ನು ಕಳ್ಳ ಇಟ್ಟುಕೊಳ್ಳುವಂತೆ ಇಟ್ಟುಕೊಂಡಿದ್ದೆನೋ ಏನೋ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಬರವಣಿಗೆ ನನ್ನ ಕಸುಬಲ್ಲ. ಹೊಳೆನರಸೀಪುರದಲ್ಲಿ ಮನೆ ಮಾಡಿಕೊಂಡು ನಲವತ್ತು ವರ್ಷ ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿದೆ. ಸಾಲಗಾಮೆ ಕಡೆ, ಮೊಸಳೆ ಎಂಬ ಊರಿನ ಕಡೆ, ಅರಕಲಗೂಡಿನ ಆಚೆ. ಕಾಲು ಹಾರ್ಮೋನಿಯಂ ಮುಂದೆ ಕುಳಿತರೆ ಊರ ಗೌಡರೂ ನನ್ನನ್ನು "ಮೇಷ್ಟ್ರೇ" ಅನ್ನುತ್ತಿದ್ದರು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ರಾಜನ ಪಾತ್ರ, ಮಂತ್ರಿಯ ಪಾತ್ರ ಎಲ್ಲ ಊರಿನ ಗಂಡಸರೇ ಹಂಚಿಕೊಂಡು ಎರಡು ಮೂರು ತಿಂಗಳು ಪ್ರಾಕ್ಟೀಸು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರು, ಅದೂ ಕೊನೆಯ ಒಂದೆರಡು ದಿನಕ್ಕೆ. ಪರದೆ, ಕಿರೀಟ, ಉಡುಪೆಲ್ಲ ಬಾಡಿಗೆಗೆ ತರುವ ಸೀನರಿಯವನು ಚನ್ನರಾಯಪಟ್ಟಣದ ನನ್ನ ಗೆಳೆಯ. ಆ ಹುಡುಗಿ ಅವನ ಮಗಳು.

ಅವಳ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಫೋನಿನಲ್ಲಿ ಹುಡುಕುತ್ತೀರಿ, ಲಕ್ಷಗಟ್ಟಲೆ ಜನ ನೋಡಿದ ಹಾಡುಗಳು ಸಿಗುತ್ತವೆ. ನಾನು ಹೇಳಬೇಕಿರುವುದು ಆ ಹಾಡುಗಳಿಗೆ ಮುಂಚಿನ ಒಂದು ಮಧ್ಯಾಹ್ನದ ವಿಷಯ.

ಅರಕಲಗೂಡಿನ ಕಡೆಯ ಒಂದು ಹಳ್ಳಿ. ನಾಟಕಕ್ಕೆ ಮೂರೇ ದಿನ ಇತ್ತು. ಬರಬೇಕಿದ್ದ ನಟಿ ಬಸ್ಸಿಳಿಯುವಾಗ ಬಿದ್ದು ಕಾಲು ಮುರಿದುಕೊಂಡಳೆಂದು ಸುದ್ದಿ ಬಂತು. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕುಳಿತಾಗ, ಪರದೆ ಅಳತೆ ನೋಡಲು ಬಂದಿದ್ದ ಸೀನರಿಯವನು ಹೇಳಿದ: "ಯಾಕ್ರಲಾ ಅಂಗ್ ಕುಂತಿದ್ದೀರಿ, ಸಾವಾಗೈತಾ? ನನ್ ಮಗಳು ಮಾಡ್ತಾಳೆ. ಎಲ್ಲಾ ಪಾರ್ಟೂ ಬಾಯಿಪಾಠ ಅವಳಿಗೆ."

ಹುಡುಗಿ ಆಗ ತಾನೇ ಹತ್ತನೇ ತರಗತಿ ಮುಗಿಸಿದ್ದಳು. ಹತ್ತಿರ ಬಂದರೆ ಅವಳ ಲಂಗದಿಂದಲೂ ಡಾಂಬರು ಗುಳಿಗೆಯ ವಾಸನೆ. ಕಿರೀಟದ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದವಳು. ಮಾತೆಲ್ಲ ಸರಾಗವಾಗಿ ಹೇಳಿದಳು. ಆಮೇಲೆ ಹಾಡು. ರಾಜಕುಮಾರಿ ಉಪವನದಲ್ಲಿ ಹೂ ಬಿಡಿಸುತ್ತ ಹಾಡುವುದು. ಹೊಸ ಮಡಕೆಗೆ ಬೆರಳಲ್ಲಿ ತಟ್ಟಿದಂಥ ದನಿ. ಬೀಡಿ ಸೇದುತ್ತಿದ್ದವರು ಬೀಡಿ ಕೆಳಗಿಟ್ಟರು. ಎರಡನೇ ಸಾಲಿನಲ್ಲಿ ಹಾಡು ಮೇಲಕ್ಕೆ ಏರುವ ಒಂದು ಜಾಗವಿದೆ, ಅಲ್ಲಿ ನಿಂತುಬಿಟ್ಟಳು. ಮತ್ತೆ ಮೊದಲಿಂದ. ಅದೇ ಜಾಗದಲ್ಲಿ ಮತ್ತೆ ನಿಂತಳು. ಮೂರನೇ ಸಲ ನಿಂತು ನನ್ನ ಹಾರ್ಮೋನಿಯಂ ನೋಡುತ್ತ ಮೆಲ್ಲಗೆ ಹೇಳಿದಳು:

"ಮೇಷ್ಟ್ರೇ, ಅಲ್ಲಿ ಪೆಟ್ಟಿಗೆ ಸರಿಯಾಗಿ ಕೂಗ್ತಿಲ್ಲ."

ರಾಜನ ಪಾತ್ರದ ಗೌಡರು ಮೊದಲು ನಕ್ಕರು. "ಸಂಗೀತದೂರು ರುದ್ರಪಟ್ಟಣದಿಂದ ವಿದ್ವಾಂಸಳು ಬಂದವ್ಳೆ ಕಣ್ರಲಾ! ಜಮಖಾನ ಆಸ್ರೋ, ಆಲು ಅಣ್ಣು ತಂದು ಕೊಡ್ರೋ!" ಎಲ್ಲರೂ ಗೊಳ್ಳೆಂದರು. ಆಮೇಲೆ ಗೌಡರು ನನ್ನ ಕಡೆ ತಿರುಗಿದರು. ನಗು ಹೋಗಿತ್ತು. "ಏನ್ ಮೇಷ್ಟ್ರೇ, ನಿಜವಾ? ಇಷ್ಟ್ ದಿನ ನಾವು ಕೆಟ್ ಪೆಟ್ಟಿಗೆಗೇ ಹಾಡಿದ್ವಾ?"

ಈಗ ತಪ್ಪೊಪ್ಪಿಗೆ. ಅದಕ್ಕೆ ಒಂದು ತಿಂಗಳ ಹಿಂದೆ ಆ ರೀಡಿಗೆ ಹಸಿರು ಹಿಡಿದಿತ್ತು. ಹಾಸನದಲ್ಲಿ ರಿಪೇರಿಯವನಿಗೆ ತೋರಿಸಬೇಕಿತ್ತು. ಮೇಷ್ಟ್ರು ಅನ್ನಿಸಿಕೊಂಡವನು ಪೆಟ್ಟಿಗೆ ಹೊತ್ತುಕೊಂಡು ಇನ್ನೊಬ್ಬನ ಬಾಗಿಲಿಗೆ ಹೋಗುವುದೇ ಎಂದು, ಗಡ್ಡ ಬೋಳಿಸುವ ಬ್ಲೇಡಿನಿಂದ ನಾನೇ ಕೆರೆದೆ. ತುದಿ ಸವೆದು ಸ್ವರ ಕೂದಲೆಳೆಯಷ್ಟು ಮೇಲೆ ಹೋಯಿತು. ಗಂಟಲು ಹರಿಯುವಂತೆ ಹಾಡುವ ಗಂಡಸರಿಗೆ ಅದು ತಿಳಿಯಲಿಲ್ಲ. ನನಗೆ ತಿಳಿದಿತ್ತೇ? ಮನೆಗೆ ಬಂದ ಮೇಲೆ ತಿಳಿಯಿತು ಎಂದೇ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಎರಡೂ ರೀತಿ ನೆನಪಾಗುತ್ತದೆ... ಇಲ್ಲ, ತಿಳಿದಿತ್ತು. ಅವಳು ಎರಡನೇ ಸಲ ನಿಂತಾಗಲೇ ತಿಳಿದಿತ್ತು.

ನಾನು ಹೇಳಿದ್ದು ಇಷ್ಟು: "ನಿನ್ ಕಿವೀಲಿ ಶ್ರುತಿ ಇಲ್ಲ ಕಣವ್ವ. ಪೆಟ್ಟಿಗೆ ಯಾವತ್ತೂ ಸುಳ್ ಹೇಳಲ್ಲ. ಹಾಡೋದು ನಿನ್ ಕೈಲಾಗೋ ಕೆಲ್ಸ ಅಲ್ಲ, ಬಿಟ್ಬುಡು."

ಅವಳ ಅಪ್ಪ ಎದ್ದು ಬಂದು ಎಲ್ಲರೆದುರು ಕೆನ್ನೆಗೆ ಬಾರಿಸಿದ. "ಮೇಷ್ಟ್ರಿಗೇ ಎದುರಾಡ್ತೀಯಾ?" ಅವಳು ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಹಾರ್ಮೋನಿಯಂ ಕಡೆಯೇ ನೋಡುತ್ತಿದ್ದಳು, ಅದಾದರೂ ಏನಾದರೂ ಹೇಳುತ್ತದೋ ಎಂಬಂತೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಹೋಗಿ ಹೊಸ ರೀಡು ಹಾಕಿಸಿದೆ. ಹಳೆಯದು ಬೆಂಕಿಪೊಟ್ಟಣ ಸೇರಿತು. ರಾಜಕುಮಾರಿಯ ಪಾತ್ರಕ್ಕೆ ಬೇರೆ ನಟಿ ಬಂದಳು. ಪ್ರಾಕ್ಟೀಸಿನಲ್ಲಿ ಗೌಡರು, "ಇವತ್ಯಾಕೋ ಪೆಟ್ಟಿಗೆ ಇಂಪಾಗೈತೆ ಮೇಷ್ಟ್ರೇ" ಎಂದರು. ನಾನು ತಲೆ ಅಲ್ಲಾಡಿಸಿದೆ. ಹುಡುಗಿ ಪರದೆಯ ಹಿಂದೆ ಕುಳಿತು ಕಿರೀಟಗಳಿಗೆ ಮಣಿ ಹೊಲಿಯುತ್ತಿದ್ದಳು. ಹತ್ತು ಹೆಜ್ಜೆ ದೂರ. ಹೋಗಿ ಹೇಳಬಹುದಿತ್ತು...

ಕೆಲವು ವರ್ಷವಾದ ಮೇಲೆ ಸೀನರಿಯವನು ಬೆಂಗಳೂರಿನ ಒಂದು ಧಾರಾವಾಹಿಗೆ ಉಡುಪು ಕೊಡತೊಡಗಿದ. ಜೊತೆಗೆ ಹೋಗುತ್ತಿದ್ದ ಮಗಳಿಗೆ ಒಂದು ಚಿಕ್ಕ ಪಾತ್ರ ಸಿಕ್ಕಿತು, ಆಮೇಲೆ ದೊಡ್ಡದು. ಅತ್ತೆಯ ಹಾಲಿಗೆ ಏನೇನೋ ಬೆರೆಸುವ ಕಿರಿ ಸೊಸೆ. ನಮ್ಮ ಬೀದಿಯ ಹೆಂಗಸರು ಸಂಜೆ ಏಳಾದರೆ ಟಿವಿ ಮುಂದೆ ಕುಳಿತು ಅವಳಿಗೆ ಶಾಪ ಹಾಕುತ್ತಿದ್ದರು. ನನ್ನ ಹೆಂಡತಿ ಬದುಕಿದ್ದಾಗ ಒಂದು ದಿನ, "ಇವಳ ನಾಲಿಗೆ ಸೇದೋಗ! ಇಂಥೋಳ್ನ ಎತ್ತೋಳು ಯಾವಳೋ" ಎಂದಳು. ನಾನು ಎದ್ದು ಹೊರಗೆ ಹೋದೆ.

ಒಂದು ಕಂತಿನಲ್ಲಿ ಅವಳು ದೇವರ ಮುಂದೆ ಹಾಡಬೇಕಿತ್ತು. ತುಟಿ ಅವಳದು, ದನಿ ಬೇರೆ ಯಾರದೋ. ಹೆಂಡತಿ, "ಪಾಪ, ಹಾಡಕ್ ಬರಲ್ಲ ಅಂತ ಕಾಣ್ತದೆ" ಎಂದಳು. ಹೌದು ಎಂದೆ. ಅದು ಎರಡನೇ ಸಲ ನಾನು ಆ ಸುಳ್ಳು ಹೇಳಿದ್ದು.

ಆಮೇಲೆ ಆದದ್ದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಧಾರಾವಾಹಿ ಮುಗಿದ ಒಂದೆರಡು ವರ್ಷಕ್ಕೆ ಅವಳು ಹಾಡುಗಾರ್ತಿಯಾದಳು! ಸಿನಿಮಾ ಹಾಡಲ್ಲ. ತಾನೇ ಬರೆದು, ಕುಣಿದು, ಫೋನಿನಲ್ಲಿ ಬಿಡುವ ಪಾಪ್ ಹಾಡು. ಮದುವೆ ಛತ್ರದಲ್ಲಿ ಅದೇ, ಟ್ರ್ಯಾಕ್ಟರಿನಲ್ಲಿ ಅದೇ, ಕಾಲೇಜು ವಾರ್ಷಿಕೋತ್ಸವದಲ್ಲಿ ಅದೇ. ಆದರೆ ಆ ದನಿ ನನಗೆ ಗುರುತು ಸಿಗಲಿಲ್ಲ. ಗಾಜಿನ ಮೇಲೆ ಎಣ್ಣೆ ಸವರಿದಂತಿತ್ತು. ಪಿಯುಸಿ ಓದುವ ಮೊಮ್ಮಗಳು ಬಿಡಿಸಿ ಹೇಳಿದಳು: "ಅದು ಮೆಷಿನ್ ತಾತ. ಸ್ವರ ತಪ್ಪಿದ್ರೆ ಅದೇ ತಿದ್ದುತ್ತೆ. ಎಲ್ರೂ ಸ್ವಲ್ಪ ಹಾಕ್ತಾರೆ, ಇವಳು ಪೂರ್ತಿ ಹಾಕ್ತಾಳೆ."

ಬೆಂಕಿಪೊಟ್ಟಣ ಸಿಕ್ಕ ವಾರವೇ ಟಿವಿಯಲ್ಲಿ ಅವಳ ಸಂದರ್ಶನ ಬಂತು. ಮೆಷಿನ್ ಇಲ್ಲದೆ ಎರಡು ಸಾಲು ಹಾಡಿ ಎಂದು ಕೇಳಿದರು. ಅವಳು ಕೈಮುಗಿದು ನಕ್ಕಳು. "ಅಯ್ಯೋ, ಮೆಷಿನ್ ಇಲ್ದೆ ನಾನು ಬಚ್ಚಲಲ್ಲೂ ಹಾಡಲ್ಲ. ಚಿಕ್ಕೋಳಿದ್ದಾಗ ನಮ್ಮ ಕಡೆ ಮೇಷ್ಟ್ರೊಬ್ರು ಹೇಳಿದ್ರು, ನಿನ್ನ ಕಿವೀಲಿ ಶ್ರುತಿ ಇಲ್ಲ ಅಂತ. ದೊಡ್ಡೋರು, ಸುಮ್ನೆ ಹೇಳ್ತಾರಾ? ನನ್ನ ಕಿವೀನ ನಾನು ನಂಬಲ್ಲ. ಮೆಷಿನ್ ಸುಳ್ಳು ಹೇಳಲ್ಲ ನೋಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಆರಿತು.

ಸತ್ತ ಮೇಲೆ ಹೇಳಲಾಗುವುದಿಲ್ಲ ಎಂದು, ಶ್ರಾವಣ ಬಂದ ಕೂಡಲೇ ಚನ್ನರಾಯಪಟ್ಟಣಕ್ಕೆ ಹೋದೆ. ಸೀನರಿಯವನು ಜಗಲಿಯ ಮೇಲೆ ಕಿರೀಟಗಳನ್ನು ಬಿಸಿಲಿಗೆ ಹರಡಿಕೊಂಡಿದ್ದ.

"ಬದುಕಿದ್ದೀಯೇನಯ್ಯಾ ಇನ್ನೂವೆ? ನಿನ್ ತಿಥಿ ಊಟಕ್ಕೆ ನನ್ನ ಕರೀಲಿಲ್ವಲ್ಲ ಅಂತ ಬೇಜಾರಾಗಿತ್ತು."

"ಮಗಳು ಯಾವಾಗ ಬತ್ತಾಳೆ?"

"ಭಾನುವಾರ ಆಸನದಾಗೆ ಯಾವುದೋ ಬಟ್ಟೆ ಅಂಗಡಿ ಓಪನಿಂಗು. ಮುಗಿಸ್ಕಂಡು ಮಧ್ಯಾನ ಊಟಕ್ಕೆ ಬತ್ತೀನಿ ಅಂದವ್ಳೆ. ಯಾಕೆ, ನಿಂಗೂ ಸೆಲ್ಫಿ ಬೇಕಾ?"

"ಒಂದ್ ಮಾತು ಹೇಳ್ಬೇಕು ಕಣಯ್ಯ."

ಭಾನುವಾರ ಅವಳು ಬಂದಳು. ಮುಖದ ಬಣ್ಣ ತೊಳೆದುಕೊಂಡು ಮುದ್ದೆ, ಅವರೆಕಾಳು ಸಾರು ಉಂಡಳು. ಕಿರೀಟದ ಪೆಟ್ಟಿಗೆಯ ಮೇಲೆಯೇ ಕುಳಿತಳು. ನನ್ನ ಕಾಲು ಮುಟ್ಟಿದಾಗ ಸೆಂಟಿನ ವಾಸನೆ ಬಂತು, ಅದರೊಳಗೆ ಡಾಂಬರು ಗುಳಿಗೆಯದೂ. ಅದು ಆ ಮನೆಯದಿರಬಹುದು.

"ನನ್ ಹಾಡು ಕೇಳಿದ್ರಾ ಮೇಷ್ಟ್ರೇ? ಬೈಬೇಡಿ, ಅದ್ರಲ್ಲಿ ನಂದೇನಿಲ್ಲ."

ಬೆಂಕಿಪೊಟ್ಟಣವನ್ನು ಅವಳ ಕೈಗಿಟ್ಟೆ. ಬ್ಲೇಡಿನಿಂದ ಕೆರೆದದ್ದು, ಗೌಡರ ಭಯ, ಹಾಸನದಲ್ಲಿ ಹೊಸ ರೀಡು ಹಾಕಿಸಿದ್ದು, ಎಲ್ಲ ಹೇಳಿದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹಿಂದುಮುಂದಾದವು. "ನೀನೇ ಸರಿಯಾಗಿದ್ದೆ ಕಣವ್ವ, ಪೆಟ್ಟಿಗೆ ಸುಳ್ ಹೇಳ್ತು. ನಾನೂ ಹೇಳ್ದೆ" ಎಂದು ಹೇಗೋ ಮುಗಿಸಿದೆ.

ಅವಳ ಅಪ್ಪನೇ ಮೊದಲು ಬಾಯಿ ಬಿಟ್ಟದ್ದು. "ಲೋ... ನಿನ್ ಮಾತ್ ಕೇಳ್ಕಂಡು ಅವತ್ತು ಮಗೂಗೆ ಒಡದೆನಲ್ಲೋ ನಾನು!" ಆಮೇಲೆ ಅವನೇ, "ಆದ್ರೂ ನೀನು ಅಂಗೆ ಅನ್ನದೆ ಇದ್ದಿದ್ರೆ ಇವಳು ಸೀರಿಯಲ್ಲಿಗೆ ಓಗ್ತಿದ್ಲಾ? ಅಲ್ಲಿಂದ್ಲೇ ಅಲ್ವಾ ಇಷ್ಟೆಲ್ಲಾ..." ಎಂದ.

"ಅಪ್ಪಾ, ಸುಮ್ನಿರಿ" ಎಂದಳು.

ನಾನು ಮಾಡಿದ್ದು ಕೆಡುಕೋ, ಅದರ ಹೊಟ್ಟೆಯಲ್ಲಿ ಒಳ್ಳೆಯದೇನಾದರೂ ಇತ್ತೋ, ಆಗಲೂ ಗೊತ್ತಾಗಲಿಲ್ಲ, ಈಗಲೂ ಇಲ್ಲ. ಅವಳು ಆ ಹಿತ್ತಾಳೆ ಪಟ್ಟಿಯನ್ನು ತುಟಿಗಿಟ್ಟು ಮೆಲ್ಲಗೆ ಊದಿದಳು. ಕೀ ಎಂದಿತು. ಅದನ್ನು ಮಡಿಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಪವನದ ಹಾಡು ಹಾಡಿದಳು. ಹದಿನೆಂಟು ವರ್ಷದ ಮೇಲೂ ಒಂದಕ್ಷರ ಮರೆತಿರಲಿಲ್ಲ. ಎರಡನೇ ಸಾಲಿನ ಏರುವ ಜಾಗ ಬಂತು. ಈ ಸಲ ನಿಲ್ಲಲಿಲ್ಲ, ಹಾಡಿ ಮುಗಿಸಿದಳು.

"ಈಗ ಹೇಳಿ ಮೇಷ್ಟ್ರೇ. ಸರಿ ಇತ್ತಾ?"

ಹೇಳಬೇಕಾದ ಇನ್ನೊಂದು ವಿಷಯ ಇಲ್ಲಿ ಹೇಳುತ್ತೇನೆ. ಐದು ವರ್ಷದಿಂದ ನನ್ನ ಎಡಗಿವಿ ಕೇಳುವುದಿಲ್ಲ. ಬಲಗಿವಿಗೆ ಮಾತು ಕೇಳುತ್ತದೆ, ಆದರೆ ಮೇಲಿನ ಸ್ವರ ಬಂದರೆ ಒಂದು ಎರಡಾಗುತ್ತದೆ, ಬಿರುಕು ಬಿಟ್ಟ ಗಂಟೆಯಂತೆ. ಸರಿ ಇತ್ತು ಎಂದುಬಿಡುವುದು ಸುಲಭವಿತ್ತು. ಅವಳು ಅದಕ್ಕೇ ಕಾಯುತ್ತಿದ್ದಳೆಂದು ಕಾಣುತ್ತದೆ. ನಿಜವೂ ಇದ್ದೀತು. ಆದರೆ ಕೇಳಿಸದೆ ಹೇಳಿದರೆ ಅದು ಮೂರನೇ ಸುಳ್ಳು.

"ಗೊತ್ತಾಗ್ಲಿಲ್ಲ ಕಣವ್ವ. ನನ್ ಕಿವಿ ಓಗೈತೆ."

ಅವಳು ಮಡಿಲಲ್ಲಿದ್ದ ರೀಡನ್ನು ಕೈಗೆತ್ತಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಂಗೂ ಗೊತ್ತಾಗ್ಲಿಲ್ಲ ಮೇಷ್ಟ್ರೇ" ಎಂದಳು.

ಹೊರಡುವಾಗ ರೀಡನ್ನು ಪರ್ಸಿನಲ್ಲಿ ಇಟ್ಟುಕೊಂಡು ಪೊಟ್ಟಣ ನನಗೇ ಕೊಟ್ಟಳು. ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳುವ ಯೋಗ್ಯತೆ ಇದೆಯೇ ಎಂಬುದೂ ತಿಳಿಯಲಿಲ್ಲ.

ಖಾಲಿ ಬೆಂಕಿಪೊಟ್ಟಣ ಈಗ ಕಿಟಕಿಯ ಮೇಲಿದೆ. ಹಳೆಯ ದನಿಯೊಂದು ನಮ್ಮಿಬ್ಬರ ನಡುವೆ ಎಲ್ಲೋ ಕಳೆದುಹೋಯಿತು. ಅದನ್ನು ಗುರುತು ಹಿಡಿಯಬಲ್ಲ ಕಿವಿ ಇದ್ದಾಗ ನಾನು ಬಾಯಿ ಬಿಡಲಿಲ್ಲ, ಬಾಯಿ ಬಿಟ್ಟಾಗ ಕಿವಿ ಇರಲಿಲ್ಲ. ಹೋದ ವಾರ ಅವಳದೊಂದು ಹೊಸ ಹಾಡು ಬಂದಿದೆ. ಮೊಮ್ಮಗಳು ಫೋನನ್ನು ನನ್ನ ಬಲಗಿವಿಗೆ ಹಿಡಿದಳು. ಹಿಂದೆ ತಮಟೆ ಇಲ್ಲ, ಗದ್ದಲ ಇಲ್ಲ, ಬರೀ ದನಿ.

"ಇದ್ರಲ್ಲಿ ಮೆಷಿನ್ ಐತಾ?" ಎಂದು ಕೇಳಿದೆ.

"ಅದನ್ನ ನೀವೇ ಹೇಳ್ಬೇಕು ತಾತ. ಮೇಷ್ಟ್ರು ನೀವಲ್ವಾ?"

ಮತ್ತೆ ಹಾಕು ಎಂದೆ. ನಾಲ್ಕು ಸಲ ಹಾಕಿಸಿಕೊಂಡೆ. ಹಾಡು ಮೇಲಕ್ಕೆ ಏರುವ ಜಾಗ ಬಂದಾಗಲೆಲ್ಲ ಉಸಿರು ಹಿಡಿದು ಕೇಳುತ್ತೇನೆ. ನನಗೆ ಎರಡು ದನಿ ಕೇಳುತ್ತವೆ. ಅವುಗಳಲ್ಲಿ ಅವಳದು ಯಾವುದೋ, ತಿಳಿಯುತ್ತಿಲ್ಲ.