ಹನ್ನೆರಡು ಸೇರು ಅವಲಕ್ಕಿ

ಆಗ ಕೊಪ್ಪದ ಅಂಗಡಿಗಳಿಗೆ ಕಿಲೋ ಬಂದಾಗಿತ್ತು; ಹತ್ತಿರದ ನಾರ್ವೆ ಹಳ್ಳಿಯ ನಮ್ಮ ಅಡುಗೆಮನೆಗೆ ಇನ್ನೂ ಬಂದಿರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ದೊಡ್ಡಮ್ಮನ ಹಿತ್ತಾಳೆ ಪಾವು. ಅಕ್ಕಿ, ಬೇಳೆ, ರವೆ ಎಲ್ಲಕ್ಕೂ ಅದೊಂದೇ. ನಾಲ್ಕು ಪಾವು ಸುರಿದರೆ ಒಂದು ಸೇರು. ಆ ಪಾವು ಯಾರ ಕೈಯಲ್ಲಿದೆಯೋ ಅಡುಗೆಮನೆ ಅವರದ್ದು.

ನಾನು ಏಳನೇ ಕ್ಲಾಸು. ಅಕ್ಕನ ನಿಶ್ಚಿತಾರ್ಥಕ್ಕೆ ಕಡಹಿನಬೈಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ದೊಡ್ಡಮ್ಮನಿಗೆ ಓದು ಬರಹವಿಲ್ಲ. ಕಾಯಿ ತುರಿಯುತ್ತಾ ಹೇಳಿದರು, ನಾನು ಕೊಪ್ಪದ ಅಂಗಡಿಗೆ ಚೀಟಿ ಬರೆದೆ.

"ತೆಳು ಅವಲಕ್ಕಿ ಹನ್ನೆರಡು ಸೇರು, ಮಾಣಿ."

ಹಿಂದಿನ ವಾರವಷ್ಟೇ ಮೇಷ್ಟ್ರು, ಹಳೆಯ ಸೇರೆಂದರೆ ಹೆಚ್ಚುಕಡಿಮೆ ಒಂದು ಕಿಲೋ ಎಂದಿದ್ದರು. ನಾನು ಜಂಬದಿಂದ 'ಹನ್ನೆರಡು ಕಿಲೋ' ಎಂದು ಬರೆದೆ. ಮೇಷ್ಟ್ರ ಸೇರು ತಕ್ಕಡಿಯದ್ದು, ದೊಡ್ಡಮ್ಮನ ಸೇರು ಪಾತ್ರೆಯದ್ದು ಎಂಬುದು ನನಗೆ ಹೊಳೆಯಲೇ ಇಲ್ಲ. ಅಕ್ಕಿಯಾಗಿದ್ದರೆ ಹೇಗೋ ಸರಿಹೋಗುತ್ತಿತ್ತು. ಅವಲಕ್ಕಿ ಊದಿದರೆ ಹಾರುವಂಥದ್ದು!

ಮರುದಿನ ಬಸ್ಸಿನ ಟಾಪಿನಿಂದ ಎರಡು ಗೋಣಿಚೀಲ ಇಳಿದವು. ಅಪ್ಪ ಸೊಂಟಕ್ಕೆ ಕೈಕೊಟ್ಟು ನಿಂತರು.

"ಎಂತ ಅತ್ತಿಗೆ, ನಿಶ್ಚಿತಾರ್ಥಕ್ಕೆ ಇಡೀ ತಾಲ್ಲೂಕು ಕರೆದಿದೀರಾ?"

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಮಾಣಿ, ನಾನು ಹನ್ನೆರಡು ಸೇರು ಅಂದಿದ್ದಲ್ವಾ?"

"ಹೌದು ದೊಡ್ಡಮ್ಮ," ಎಂದೆ. ಸುಳ್ಳಲ್ಲ. ಕಿಲೋ ಎಂದು ಬರೆದದ್ದನ್ನು ಮಾತ್ರ ಹೇಳಲಿಲ್ಲ.

"ಹಾಗಾದ್ರೆ ನಂದೇ ಅಂದಾಜು ತಪ್ಪಿತು."

ಆದರೆ ಆ ನಿಶ್ಚಿತಾರ್ಥದ ಗಮ್ಮತ್ತೇ ಗಮ್ಮತ್ತು! ಬೆಲ್ಲ ಕಾಯಿ ಏಲಕ್ಕಿ ಹಾಕಿದ ಅವಲಕ್ಕಿ, ಇಂಗಿನ ಒಗ್ಗರಣೆಯ ಮೊಸರವಲಕ್ಕಿ, ಉಪ್ಪು ಹುಳಿ ಖಾರದ ಗೊಜ್ಜವಲಕ್ಕಿ. ಮನೆಯಿಡೀ ಸಾಸಿವೆ ಸಿಡಿದ ಘಮ. ಗಂಡಿನ ಅಪ್ಪ ಮೂರನೇ ಸಲ ಬಡಿಸಿಕೊಂಡು, "ಕೈ ಬಿಗಿ ಇಲ್ಲದ ಮನೆ ಮಾರಾಯ!" ಎಂದು ಅಲ್ಲೇ ಮದುವೆಯ ದಿನ ಗೊತ್ತುಮಾಡಿದರು. ಹೊರಟವರಿಗೆಲ್ಲ ಒಂದೊಂದು ಗಂಟು ಕಟ್ಟಿಕೊಟ್ಟೆವು. ಆ ಅಂಗಳದಲ್ಲೇ ನಾವು ಮಕ್ಕಳು ಭಾವನಿಗೆ 'ಅವಲಕ್ಕಿ ಭಾವ' ಎಂದು ಹೆಸರಿಟ್ಟೆವು. ಅಕ್ಕ ಸೌಟು ಹಿಡಿದು ಅಟ್ಟಿಸಿಕೊಂಡು ಬಂದಳು.

ನೆಂಟರು ಹೋದ ಮೇಲೆ ಅಪ್ಪ ನಗುತ್ತಲೇ ಅಂದರು, "ಅತ್ತಿಗೆಗೆ ವಯಸ್ಸಾಯ್ತು. ಇನ್ನು ಅಳತೆ ಇವನು ನೋಡಲಿ, ಲೆಕ್ಕದಲ್ಲಿ ಹುಷಾರಿದಾನೆ."

ದೊಡ್ಡಮ್ಮ ಪಾವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. ನಾನು ಬೀಗುತ್ತಾ ತೆಗೆದುಕೊಂಡೆ. ನನ್ನ ಜೀವನದ ನಿಜವಾದ ತಪ್ಪು ಅದು, ಅವಲಕ್ಕಿಯಲ್ಲ. ಆಮೇಲೆ ಅವರು ಅನ್ನಕ್ಕಿಡುವ ಮುಂಚೆಯೂ, "ಇಷ್ಟು ಸಾಕಾ ಮಾಣಿ?" ಎಂದು ನನ್ನನ್ನು ಕೇಳುತ್ತಿದ್ದರು. ಅವರು ಇರುವವರೆಗೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಮೊಮ್ಮಗಳು ಎಲೆಕ್ಟ್ರಾನಿಕ್ ತಕ್ಕಡಿ ಮುಂದಿಟ್ಟುಕೊಂಡು, ಹಳೆಯ ಅಡುಗೆಗಳನ್ನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾ ಕೇಳಿದಳು: "ಅಜ್ಜ, ಒಂದು ಪಾವು ಅಂದ್ರೆ ಎಷ್ಟು ಗ್ರಾಂ?"

ಅದೇ ಹಿತ್ತಾಳೆ ಪಾವು ತಂದೆ. ಅಕ್ಕಿ ತುಂಬಿ ತೂಗಿದೆವು: ಇನ್ನೂರರ ಮೇಲೆ. ತೆಳು ಅವಲಕ್ಕಿ ತುಂಬಿದೆವು: ನಲವತ್ತೂ ಚಿಲ್ಲರೆ. ಅವಳಿಗೆ ಆಶ್ಚರ್ಯ, ನಗು. ನಾನು ಆ ನಲವತ್ತನ್ನೇ ನೋಡುತ್ತಾ ಕುಳಿತೆ. ತಕ್ಕಡಿ ಈಗ ಒಂದೊಂದು ಗ್ರಾಮನ್ನೂ ತೋರಿಸುತ್ತದೆ. ಕಣ್ಣಳತೆಯಲ್ಲೇ ನೂರು ಜನರ ಹೊಟ್ಟೆ ತಿಳಿಯುತ್ತಿದ್ದ ಕೈ ಈಗಿಲ್ಲ. ಆ ಕೈಗೆ ತನ್ನ ಮೇಲೆಯೇ ಅನುಮಾನ ಹುಟ್ಟಿಸಿದವನು ನಾನು.

"ಎಂತಾಯ್ತು ಅಜ್ಜ?"

"ಬರ್ಕೋ ಕೂಸೇ," ಎಂದೆ. "ದೊಡ್ಡಮ್ಮನ ಅಳತೆ ಸರಿಯಾಗೇ ಇತ್ತು."