ಬಿಜ್ಲಿಯ ಮುಂಗಾಲು ಮತ್ತು ಡಾ. ಬಳ್ಳುಳ್ಳಾಯರ ಮೇಲಿನ ಛೀಮಾರಿ

ಪಶುವೈದ್ಯರೆಂದರೆ ದನದ ಹೊಟ್ಟೆಯುಬ್ಬರಕ್ಕೆ ಔಷಧಿ ಕುಡಿಸುವವರು ಎಂದಷ್ಟೇ ತಿಳಿದಿರುವ ನಮ್ಮ ಜನರ ನಡುವೆ, ಮೂಕಪ್ರಾಣಿಯ ಶುಶ್ರೂಷೆಯೂ ಮನುಷ್ಯರ ಶುಶ್ರೂಷೆಯಷ್ಟೇ ಗೌರವದ ವಿದ್ಯೆಯೆಂದು ಮೂವತ್ತು ವರ್ಷ ದುಡಿದು ತೋರಿಸಿದವರು ಡಾ. ದಾಮೋದರ ಬಳ್ಳುಳ್ಳಾಯರು. ಕಾಸರಗೋಡು ತಾಲೂಕಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಓದಿ, ದಕ್ಷಿಣ ಕನ್ನಡದ ಹಲವು ಊರುಗಳಲ್ಲಿ ಸೇವೆ ಸಲ್ಲಿಸಿ, ರಾಜ್ಯಗಳ ಗಡಿ ಬದಲಾದಾಗ ತಮ್ಮ ಊರಿನೊಡನೆ ತಾವೂ ಕೇರಳದ ಪಾಲಿಗೆ ಬಂದ ಅವರು, ಕೊನೆಯ ಮೂರು ವರ್ಷ ಎರ್ಣಾಕುಳಂನ ಜಾನುವಾರು ಆಸ್ಪತ್ರೆಯೊಂದರ ಮುಖ್ಯಸ್ಥರಾಗಿದ್ದು, ಈ ತಿಂಗಳು ಐವತ್ತೈದು ತುಂಬಿ ನಿವೃತ್ತರಾಗುತ್ತಿದ್ದಾರೆ.

ಅವರ ನಿವೃತ್ತಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರಾದ ಶ್ರೀ ರತ್ನಾಕರ ರಾಯರು ಲೇಖನ ಕೇಳಿ ಬರೆದ ಪತ್ರದ ಕೊನೆಗೆ, "ಸಂತೋಷದ ಸಂಗತಿಗಳನ್ನೇ ಬರೆಯಿರಿ, ಆ ಕುದುರೆಯ ಪ್ರಕರಣ ಬೇಡ" ಎಂದು ಒಂದು ಸಾಲು ಸೇರಿಸಿದ್ದರು. ರಾಯರ ಮೇಲೆ ನನಗೆ ಗೌರವವಿದೆ. ಆದರೆ ಆ ಸಾಲನ್ನು ಓದಿದಾಗ ಮೈ ಉರಿದುಹೋಯಿತು. ಆ ಕುದುರೆಯನ್ನು ಬಿಟ್ಟು ಬಳ್ಳುಳ್ಳಾಯರನ್ನು ಹೊಗಳುವುದು, ಅವರ ಸೇವೆಯ ಅತ್ಯುತ್ತಮ ವರ್ಷವನ್ನು ನಾಚಿಕೆಗೇಡಿನ ವಿಷಯವೆಂದು ಒಪ್ಪಿಕೊಂಡ ಹಾಗಾಗುತ್ತದೆ. ನಾಚಿಕೆಗೇಡಿನ ಕೆಲಸವೇನೋ ಆ ವರ್ಷ ನಡೆದದ್ದು ನಿಜ; ಅದನ್ನು ಮಾಡಿದವರು ಅವರಲ್ಲ. ಆದ್ದರಿಂದ ನಾನು ಕುದುರೆಯ ಕುರಿತೇ ಬರೆಯುತ್ತೇನೆ. ಬೇಡವೆಂದರೆ ರಾಯರು ಅಚ್ಚುಮನೆಗೆ ಕಳಿಸದಿರಲಿ.

ನಾನು ಅವರ ಕೈಕೆಳಗೆ ಸಹಾಯಕ ವೈದ್ಯನಾಗಿ ಸೇರಿದ್ದು ೧೯೫೭ರ ಮಳೆಗಾಲದಲ್ಲಿ. ಮಂಜೇಶ್ವರದವನಾದ ನನ್ನ ಬಳಿ ಕಾಲೇಜಿನ ಪದವಿಯಿತ್ತು, ಕೈ ಕೆಲಸಕ್ಕೆ ಪಳಗಿರಲಿಲ್ಲ. ಬಂದ ತಿಂಗಳೇ ಟೈಫಾಯ್ಡ್ ಹಿಡಿದಾಗ ಪಾಲಾರಿವಟ್ಟಂನ ತಮ್ಮ ಬಾಡಿಗೆ ಮನೆಯ ಚಾವಡಿಯಲ್ಲಿ ಮಲಗಿಸಿಕೊಂಡು, ಪತ್ನಿ ಸೌದಾಮಿನಿಯಮ್ಮನವರ ಕೈಯ ಗಂಜಿತಿಳಿಯಲ್ಲಿ ಮೂರು ವಾರ ನನ್ನನ್ನು ಉಳಿಸಿಕೊಂಡವರು ಅವರು. ಮುಂದೆ ನಾನು ಮಾಡಿದ್ದನ್ನು ಓದುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

೧೯೫೮ರ ಜನವರಿಯಲ್ಲಿ, ಎರ್ಣಾಕುಳಂನಲ್ಲಿ ಆಟ ಮುಗಿಸಿ ಡೇರೆ ಕಳಚುತ್ತಿದ್ದ ಸರ್ಕಸ್ ಕಂಪನಿಯೊಂದು ನಮ್ಮನ್ನು ಕರೆಸಿತು. ಬಿಜ್ಲಿ ಎಂಬ ಬಿಳಿ ಹೆಣ್ಣು ಕುದುರೆಯ ಎಡ ಮುಂಗಾಲಿಗೆ ಡೇರೆಯ ಕಬ್ಬಿಣದ ಕಂಬ ಜಾರಿ ಬಿದ್ದು, ಮೊಣಕಾಲಿನ ಕೆಳಗೆ ಹಿಂಬದಿ ಸೀಳಿ, ಗೊರಸನ್ನು ಎಳೆದು ಹಿಡಿಯುವ ಸ್ನಾಯುರಜ್ಜು ಅರ್ಧಕ್ಕರ್ಧ ಕತ್ತರಿಸಿಹೋಗಿತ್ತು, ಎಲುಬು ಕಾಣುತ್ತಿತ್ತು. ಮ್ಯಾನೇಜರಿಗೆ ಬೇಕಾಗಿದ್ದದ್ದು ಚಿಕಿತ್ಸೆಯಲ್ಲ, ಗುಂಡಿಕ್ಕಲು ಅನುಮತಿ ಕೊಡುವ ಒಂದು ಕಾಗದ. ಮರುದಿನ ಬೆಳಿಗ್ಗೆ ಲಾರಿಗಳು ಕೊಲ್ಲಕ್ಕೆ ಹೊರಡಬೇಕಾಗಿತ್ತಂತೆ. ಏಳು ವರ್ಷ ಬೆನ್ನಿನ ಮೇಲೆ ಮನುಷ್ಯರನ್ನು ಹೊತ್ತು ಕುಣಿದ ಪ್ರಾಣಿಯ ಮುಂದೆ ಏಳು ನಿಮಿಷ ನಿಲ್ಲಲು ಆ ಮಹಾಶಯನಿಗೆ ಪುರುಸೊತ್ತಿರಲಿಲ್ಲ.

"ಆ ಕಾಗದ ನನ್ನಿಂದ ಆಗುವುದಿಲ್ಲ," ಎಂದರು ಡಾಕ್ಟರು. "ಕುದುರೆಯನ್ನು ಇಲ್ಲೇ ಬಿಟ್ಟು ಹೋಗಿ. ಅದನ್ನು ನೋಡಿಕೊಳ್ಳುವವನನ್ನೂ ಬಿಡಿ."

ನೋಡಿಕೊಳ್ಳುವವನೆಂದರೆ ಲಾಯದ ರಾಮದಾಸ, ಮಟ್ಟಾಂಚೇರಿಯ ಕಡೆಯ ಕೊಂಕಣಿ ಮನುಷ್ಯ, ನಲವತ್ತು ದಾಟಿದವನು. ಕಂಪನಿ ಹೊರಟುಹೋಯಿತು; ಅವನು ಕುದುರೆಯ ಕುತ್ತಿಗೆ ಹಿಡಿದುಕೊಂಡು ನಿಂತೇ ಇದ್ದ.

ಆಸ್ಪತ್ರೆಯಲ್ಲಿ ಕುದುರೆಗೆ ಜಾಗವಿರಲಿಲ್ಲ. ಡಾಕ್ಟರು ತಮ್ಮ ಮನೆಯ ಪಕ್ಕದ ಹಳೆಯ ಕೊಬ್ಬರಿ ಶೆಡ್ಡನ್ನು ಬೇಡಿ ಪಡೆದು, ದೋಣಿಯವರಿಂದ ಹಾಯಿಬಟ್ಟೆ ತರಿಸಿ ಅಗಲವಾದ ಪಟ್ಟಿ ಹೊಲಿಸಿ, ಅದನ್ನು ಹೊಟ್ಟೆಯಡಿಗೆ ಕೊಟ್ಟು ಮಾಡಿನ ತೊಲೆಗೆ ಬಿಗಿಸಿದರು. ಕುದುರೆಯನ್ನು ತೂಗುಹಾಕಲು ಅಲ್ಲ, ದಣಿದಾಗ ಒರಗಿಕೊಳ್ಳಲು. ಪೆಟ್ಟಾದ ಕಾಲಿಗಿಂತ ಹೆಚ್ಚಾಗಿ ಎದುರಿನ ಒಳ್ಳೆಯ ಕಾಲಿಗೆ ಅವರು ಹೆದರುತ್ತಿದ್ದರು, ಭಾರವೆಲ್ಲ ಅದರ ಮೇಲೆ ಬಿದ್ದು ಅದೂ ಕೆಟ್ಟರೆ ಕುದುರೆಗೆ ಉಳಿವಿಲ್ಲವೆಂದು. ದಿನಕ್ಕೆ ಎರಡು ಸಲ ಉಪ್ಪುನೀರಿನಲ್ಲಿ ತೊಳೆದು, ಔಷಧದ ಪುಡಿ ಉದುರಿಸಿ, ಹತ್ತಿಯ ದಪ್ಪ ಪದರವಿಟ್ಟು ಕಟ್ಟುವ ಕೆಲಸವನ್ನು ನಾಲ್ಕು ತಿಂಗಳು ಅವರು ಬೇರೆಯವರಿಗೆ ಬಿಡಲಿಲ್ಲ. ಮಳೆಗಾಲ ಹಿಡಿದಾಗ ನೊಣ ಮುತ್ತಿ, ಗಾಯದ ಬಾಯಲ್ಲಿ ದುರ್ಮಾಂಸ ಬೆಳೆಯಿತು. ಮೈಲುತುತ್ತ ಹಚ್ಚಿ ಅದನ್ನು ಸುಡುವಾಗ ಬಿಜ್ಲಿ ಒದೆಯುತ್ತಿದ್ದಳು. ಒಮ್ಮೆ ಡಾಕ್ಟರ ತೊಡೆಗೇ ಒದೆ ಬಿತ್ತು. ಅವರು ಎದ್ದು ಮಣ್ಣು ಕೊಡವಿಕೊಂಡು ಹೇಳಿದ್ದು ಇಷ್ಟೇ: "ಪೆಟ್ಟಾದ ಕಾಲಿನಲ್ಲೇ ಒದ್ದಳು ಮಾರಾಯ. ಬಲ ಬಂತು."

ಆಗಸ್ಟಿನ ಹೊತ್ತಿಗೆ ಗಾಯ ಮುಚ್ಚಿ, ಕುದುರೆ ನಿಧಾನವಾಗಿ ನಡೆಯತೊಡಗಿತು. ವರ್ಷ ತುಂಬುವ ತನಕ ಓಡಿಸಕೂಡದೆಂದು ಡಾಕ್ಟರು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಅಷ್ಟರಲ್ಲಿ ಅವರ ಅಣ್ಣ ತೀರಿಕೊಂಡು, ಉತ್ತರಕ್ರಿಯೆಗಾಗಿ ಎರಡು ವಾರ ಊರಿಗೆ ಹೋದರು. ಹದ್ದು ಕಾಯುತ್ತಿತ್ತೋ ಎಂಬಂತೆ ಮೂರನೆಯ ದಿನವೇ ಮ್ಯಾನೇಜರು ಬಂದಿಳಿದ. ಓಣಂ ಸಮಯಕ್ಕೆ ತಿರುವನಂತಪುರದಲ್ಲಿ ಆಟ, ಕುದುರೆ ಬೇಕು, ಓಡಲು ಯೋಗ್ಯವೆಂಬ ಸರ್ಟಿಫಿಕೇಟು ಬೇಕು. ಅವನ ಜೇಬಿನಲ್ಲಿ ನಮ್ಮ ಮೇಲಧಿಕಾರಿಯೊಬ್ಬರ ಚೀಟಿಯಿತ್ತು: ಮಾಲೀಕರಿಗೆ ತೊಂದರೆ ಕೊಡಬೇಡಿ. ಎಂಟು ತಿಂಗಳು ಒಂದು ಹಿಡಿ ಹುರುಳಿ ಕಳಿಸದವನು ಈಗ ಮಾಲೀಕನಾಗಿ ಬಂದಿದ್ದ.

ನಾನು ಕುದುರೆಯನ್ನು ಡಾಮರು ರಸ್ತೆಗೆ ತಂದು, ರಾಮದಾಸನ ಕೈಯಲ್ಲಿ ಹಗ್ಗ ಕೊಟ್ಟು, ನೂರು ಗಜ ಓಡಿಸಿ ನೋಡಿದೆ. ಕುಂಟಲಿಲ್ಲ. "ಸಾರ್, ಡಾಕ್ಟರು ಬರಲಿ," ಎಂದ ರಾಮದಾಸ. ನಾನು ಚೀಟಿಯನ್ನು ನೋಡಿದೆ, ಸಹಿ ಹಾಕಿದೆ.

ಡಾಕ್ಟರು ಹಿಂತಿರುಗಿ ಖಾಲಿ ಶೆಡ್ಡಿನ ಮುಂದೆ ನಿಂತು ನನ್ನನ್ನು ಕರೆಸಿದರು.

"ಎಲ್ಲಿ ಓಡಿಸಿದ್ದು ಕೃಷ್ಣಾನಂದ?"

"ರಸ್ತೆಯಲ್ಲಿ."

"ಹೊಯಿಗೆಯಲ್ಲಿ ಓಡಿಸಲಿಲ್ವಾ?"

ನನಗೆ ಆಗ ಹೊಳೆಯಿತು. ಎಲುಬಿನ ನೋವು ಗಟ್ಟಿ ನೆಲದಲ್ಲಿ ಕಾಣುತ್ತದೆ. ಸ್ನಾಯುರಜ್ಜಿನ ನೋವು ಗೊರಸು ಹೂತುಹೋಗುವ ಮರಳಿನಲ್ಲಿ ಮಾತ್ರ ಕಾಣುತ್ತದೆ. ಎರಡರಲ್ಲೂ ಓಡಿಸದೆ ಸಹಿ ಹಾಕಬಾರದೆಂದು ಅವರೇ ನನಗೆ ಹತ್ತು ಸಲ ಹೇಳಿದ್ದರು. ಸರ್ಕಸ್ಸಿನ ಕಣದ ತುಂಬ ಇರುವುದು ಮರಳು. ಅವರು ಕೈಚೀಲವನ್ನು ತಿರುಗಿ ಹೆಗಲಿಗೇರಿಸಿ ತಿರುವನಂತಪುರದ ಬಸ್ಸು ಹತ್ತಿದರು. ನಾನೂ ಹಿಂದೆಯೇ ಹತ್ತಿದೆ.

ನಾವು ತಲುಪುವಾಗ ಸಂಜೆಯ ಆಟ ನಡೆದಿತ್ತು. ಬಿಜ್ಲಿ ಬೆನ್ನಮೇಲೆ ಇಬ್ಬರನ್ನು ಹೊತ್ತು ಸುತ್ತು ಹಾಕುತ್ತಿದ್ದಳು, ಪ್ರತಿ ಹೆಜ್ಜೆಗೂ ತಲೆ ಮೇಲಕ್ಕೆಸೆಯುತ್ತಿದ್ದಳು. ಜನ ಅದನ್ನು ಕುಣಿತವೆಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಐವತ್ತನಾಲ್ಕು ವರ್ಷದ, ಕ್ರಿಯೆಗಾಗಿ ತಲೆ ಬೋಳಿಸಿಕೊಂಡಿದ್ದ ಬಳ್ಳುಳ್ಳಾಯರು ಪಂಚೆ ಎತ್ತಿಕಟ್ಟಿ, ಹಲಗೆಯ ಬೇಲಿ ದಾಟಿ ಕಣದೊಳಗೆ ನಡೆದರು. ಕುದುರೆ ಅವರನ್ನು ಕಂಡು ತಾನಾಗಿ ನಿಂತಿತು. ಅವರು ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ಜನ ಅದಕ್ಕೂ ನಕ್ಕು ಚಪ್ಪಾಳೆ ತಟ್ಟಿದರು, ವಿದೂಷಕನೆಂದುಕೊಂಡು. ಇಂದಿಗೂ ಆ ಚಪ್ಪಾಳೆ ನೆನಪಾದರೆ ನನಗೆ ಯಾರನ್ನಾದರೂ ಹೊಡೆಯಬೇಕೆನಿಸುತ್ತದೆ.

ರಜ್ಜು ಊದಿತ್ತು, ಹರಿದಿರಲಿಲ್ಲ. ಇನ್ನೆರಡು ಆಟ ನಡೆದಿದ್ದರೆ ಹರಿಯುತ್ತಿತ್ತು. "ಈ ಕುಂಟಿಯನ್ನು ನೀವೇ ಸಾಕಿ," ಎಂದು ಮ್ಯಾನೇಜರು ಮಲಯಾಳದಲ್ಲಿ ಕಿರುಚಿ, ಆಟ ಕೆಡಿಸಿದರೆಂದು ಇಲಾಖೆಗೆ ದೂರು ಕೊಟ್ಟ. ಇಲಾಖೆ, ಸರ್ಕಾರಿ ನೌಕರನಿಗೆ ತರವಲ್ಲದ ವರ್ತನೆಯೆಂದು ಡಾಕ್ಟರಿಗೆ ನೋಟೀಸು ಕೊಟ್ಟಿತು.

ಅವರು ಇದ್ದ ರಜೆಯನ್ನೆಲ್ಲ ಬರೆದುಕೊಟ್ಟು, ಕುದುರೆಯನ್ನೂ ರಾಮದಾಸನನ್ನೂ ಅಲ್ಲೇ ಹತ್ತಿರದ ವಿಳಿಂಜಂ ಕಡಲದಡಕ್ಕೆ ಕರೆದೊಯ್ದರು. ಪ್ರತಿದಿನ ಬೆಳಿಗ್ಗೆ ಒಂದು ತಾಸು ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ಅದನ್ನು ನಿಲ್ಲಿಸುವುದು, ಆಮೇಲೆ ಒದ್ದೆ ಮರಳಿನಲ್ಲಿ ನಡೆಸುವುದು. ದಡದಿಂದ ಬಲೆ ಎಳೆಯುವಾಗ ಬೇರೆಯವರು ಆ ನೀರಿಗೆ ಇಳಿಯಕೂಡದೆಂಬುದು ಅಲ್ಲಿನ ಮೀನುಗಾರರ ಕಟ್ಟುಪಾಡು. ಮೊದಲ ವಾರ ಅವರು ಗದರಿಸಿದರು. ಎರಡನೆಯ ವಾರದಿಂದ ಕುದುರೆ ನಿಲ್ಲುವಷ್ಟು ಜಾಗ ಬಿಟ್ಟು ಆಚೆಗೆ ಬಲೆ ಬಿಟ್ಟರು. ಓದುಬರಹ ಬಲ್ಲ ನಮ್ಮ ಇಲಾಖೆಯಿಂದ ಅಷ್ಟು ಜಾಗ ಡಾಕ್ಟರಿಗೆ ಸಿಗಲಿಲ್ಲ.

ಮೂರು ತಿಂಗಳ ಬಳಿಕ ನನ್ನನ್ನು ಕರೆಸಿ, ರಾಮದಾಸನಿಂದ ಒಣ ಮರಳಿನಲ್ಲಿ ಕುದುರೆಯನ್ನು ಓಡಿಸಿದರು. "ಈಗ ಹೇಳು, ಕುಂಟುವುದು ಯಾವ ಕಾಲು?" ನಾನು ಮೂರು ಸಲ ಓಡಿಸಿ ನೋಡಿದೆ. "ಯಾವುದೂ ಅಲ್ಲ," ಎಂದೆ. "ಹಾಗಾದರೆ ಕಲಿತೆ ನೀನು," ಎಂದರು. ಅವರು ನನ್ನನ್ನು ಗದರಿದ್ದು ಅಷ್ಟೇ.

ಮರುವಾರ ತಿರುವನಂತಪುರದಲ್ಲಿ ವಿಚಾರಣೆ. ಮ್ಯಾನೇಜರು ನನ್ನ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟ. ನಿಮ್ಮ ಆಸ್ಪತ್ರೆಯೇ ಯೋಗ್ಯವೆಂದು ಬರೆದ ಕುದುರೆಯನ್ನು ತಡೆಯಲು ನೀವು ಯಾರು ಎಂದು ವಿಚಾರಣಾಧಿಕಾರಿ ಕೇಳಿದರು. ಸಹಿ ಮಾಡಿಸಿದ ಚೀಟಿಯ ಮೇಲಧಿಕಾರಿ ಅವರ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಡಾಕ್ಟರು, "ಆಸ್ಪತ್ರೆ ನನ್ನದು. ಅದರ ತಪ್ಪೂ ನನ್ನದೇ," ಎಂದರು. ಬಾಗಿಲ ಬಳಿ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಕಾಯಂ ಆಗಲು ನನಗೆ ಇನ್ನೂ ನಾಲ್ಕು ತಿಂಗಳಿತ್ತು. ಅವರ ಸೇವಾ ಪುಸ್ತಕದಲ್ಲಿ ಛೀಮಾರಿ ಬಿತ್ತು, ಬರಬೇಕಾಗಿದ್ದ ಬಡ್ತಿ ನಿಂತಿತು, ಅದೇ ಕುರ್ಚಿಯಿಂದ ಅವರು ಈಗ ಏಳುತ್ತಿದ್ದಾರೆ. ನಾನು ಕಾಯಂ ಆದೆ. ಸರ್ಕಸ್ಸಿನವನ ಮೇಲೆ, ಮೇಲಧಿಕಾರಿಯ ಮೇಲೆ ಇಷ್ಟೆಲ್ಲ ಸಿಟ್ಟು ಕಾರಿದವನು ನನ್ನನ್ನು ಮಾತ್ರ ಬಿಟ್ಟುಬಿಟ್ಟರೆ ಅದು ಸಿಟ್ಟಲ್ಲ, ನಾಟಕ.

ಪೂಜ್ಯ ಡಾಕ್ಟರೂ ಸೌದಾಮಿನಿಯಮ್ಮನವರೂ ಆರೋಗ್ಯದಿಂದ ನೂರ್ಕಾಲ ಬಾಳಲಿ. ಊರಿಗೆ ಹೋದ ಮೇಲೂ ಅವರ ಅಂಗಳದಲ್ಲಿ ನೊಂದ ಪ್ರಾಣಿಗಳಿಗೆ ಜಾಗವಿರಲಿ. ಬಿಜ್ಲಿ ಅವರ ಕಣ್ಣಮುಂದೆ ಇನ್ನೂ ಬಹುಕಾಲ ಮರಳಿನಲ್ಲಿ ಓಡಲಿ. ಅವರ ಹೆಸರಿನಲ್ಲಿರುವ ಆ ಛೀಮಾರಿ ನನಗೆ ಸೇರಬೇಕಾದದ್ದು. ಅದನ್ನು ಹೊಡೆದುಹಾಕಿ ನನ್ನ ಹೆಸರಿಗೆ ಬರೆಯಬೇಕೆಂದು ಕೋರಿ, ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಕೆಳಗೆ ಸಹಿ ಹಾಕಿ, ಈ ಬೆಳಿಗ್ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಇಲಾಖೆಗೆ ಕಳಿಸಿದ್ದೇನೆ.